‘ಮೇ’, ‘ಮೈಟ್’, ‘ಲೈಕ್ಲಿ’: ಫಾರ್ವರ್ಡ್ ಆಗುವಾಗ ಕಳೆದುಹೋಗುವ ‘ಬಹುದು’

‘ತೆಂಗಿನ ಎಣ್ಣೆ ಮರೆವಿನ ಕಾಯಿಲೆ ವಾಸಿ ಮಾಡುತ್ತದೆ’. ‘ತೆಂಗಿನ ಎಣ್ಣೆಯಿಂದ ಕ್ಯಾನ್ಸರ್ ಬರುತ್ತದೆ’. ‘ಕೊಬ್ಬರಿ ಬೆಲೆ ಏರುತ್ತದೆ, ಈಗ ಮಾರಬೇಡಿ’. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರ ಮೊಬೈಲಿಗೆ ಇಂಥ ಸಂದೇಶ ಬಂದರೆ ಸುಮ್ಮನೆ ಬಿಡಲಾಗುವುದಿಲ್ಲ. ಅದು ಮನೆಯ ಆರೋಗ್ಯದ ವಿಷಯ, ತೋಟದ ವಿಷಯ, ಸಾಲ ತೀರಿಸುವ ದುಡ್ಡಿನ ವಿಷಯ.

ಇಂಥ ಸಂದೇಶಗಳ ಮೂಲ ಅನೇಕ ವೇಳೆ ಒಂದು ಇಂಗ್ಲಿಷ್ ವಾಕ್ಯ. ಆ ವಾಕ್ಯದಲ್ಲಿ ‘ಮೇ’, ‘ಕುಡ್’, ‘ಪಾಸಿಬಲ್’ ಎಂಬ ಸಣ್ಣ ಪದವೊಂದು ಇರುತ್ತದೆ. ಕನ್ನಡಕ್ಕೆ ಬರುವಷ್ಟರಲ್ಲಿ ಅದು ಬಿದ್ದುಹೋಗಿ, ‘ಆಗಬಹುದು’ ಎಂದಿದ್ದದ್ದು ‘ಆಗುತ್ತದೆ’ ಆಗಿರುತ್ತದೆ. ಸುದ್ದಿ ಸುಳ್ಳಾಗಲು ಅಷ್ಟು ಸಾಕು.

ಅಟ್ಟದ ಕಾಯಿಯ ವ್ಯಾಕರಣ

ಸಾಧ್ಯತೆ ಹೇಳುವುದರಲ್ಲಿ ಕನ್ನಡ ಬಡವಾದ ಭಾಷೆಯಲ್ಲ. ಉಂಡೆ ಕೊಬ್ಬರಿಗೆಂದು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟ ಕಾಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಒಡೆಯದೆ ಒಳಗಿನದನ್ನು ಊಹಿಸಬೇಕು. ಆಗ ನಾವು ಹೇಳುವ ಮಾತುಗಳು ಇವು:

- ಗಿಟುಕು ಗಡಗಡ ಸದ್ದು ಮಾಡುತ್ತಿದೆ: ‘ಕೊಬ್ಬರಿ ಆಗಿರಲೇಬೇಕು’. ಇಂಗ್ಲಿಷಿನಲ್ಲಿ ‘ಮಸ್ಟ್ ಬಿ’.
- ಸದ್ದು ಸರಿಯಾಗಿ ತಿಳಿಯುತ್ತಿಲ್ಲ: ‘ಆಗಿರಬಹುದು’. ಇಂಗ್ಲಿಷಿನಲ್ಲಿ ‘ಮೇ ಬಿ’ ಅಥವಾ ‘ಕುಡ್ ಬಿ’.
- ಅನುಮಾನವೇ ಹೆಚ್ಚು: ‘ಆಗಿದ್ದೀತು, ನೋಡೋಣ’. ಇದು ‘ಮೈಟ್ ಬಿ’ಗೆ ಹತ್ತಿರ.
- ಇನ್ನೂ ಸ್ವಲ್ಪ ನೀರಿರುವಂತಿದೆ: ‘ಆಗಿರಲಿಕ್ಕಿಲ್ಲ’. ಇಂಗ್ಲಿಷಿನಲ್ಲಿ ‘ಮೇ ನಾಟ್ ಬಿ’.
- ನೀರು ಚೆನ್ನಾಗಿ ಕುಲುಕುತ್ತಿದೆ: ‘ಆಗಿರಲು ಸಾಧ್ಯವೇ ಇಲ್ಲ’. ಇಂಗ್ಲಿಷಿನಲ್ಲಿ ‘ಕಾಂಟ್ ಬಿ’.

‘ಆದೀತು’, ‘ಬಂದೀತು’, ‘ಬಿದ್ದೀತು’ ಎಂಬ ರೂಪಗಳನ್ನು ಶಾಲೆಯ ವ್ಯಾಕರಣದಲ್ಲಿ ಸಂಭಾವನಾರ್ಥಕ ಎಂದು ಓದಿದ್ದೇವೆ. ಕಾಯಿ ಒಂದೇ, ಕೇಳುವ ಕಿವಿಯೂ ಒಂದೇ. ಕ್ರಿಯಾಪದದ ಕೊನೆ ಬದಲಾದರೆ ಕಾಯಿ ಒಡೆಯಬೇಕೋ ಮತ್ತೆ ಅಟ್ಟಕ್ಕೆ ಇಡಬೇಕೋ ಎಂಬ ತೀರ್ಮಾನವೇ ಬದಲಾಗುತ್ತದೆ. ಇಂಗ್ಲಿಷ್ ವಾಕ್ಯದಲ್ಲಿ ಈ ಕೆಲಸ ಮಾಡುವುದು ‘ಮೇ’, ‘ಮೈಟ್’, ‘ಕುಡ್’.

ಹೆಚ್ಚು ಜನ ಎಡವುವ ಮೂರು ಕಡೆ

ಒಂದು: ‘ಕ್ಯಾನ್’ನ ಭೂತಕಾಲ ‘ಕುಡ್’, ‘ಮೇ’ಯ ಭೂತಕಾಲ ‘ಮೈಟ್’ ಎಂದು ಶಾಲೆಯಲ್ಲಿ ಕಲಿತದ್ದು ಅರ್ಧ ಮಾತ್ರ. ‘ಕುಡ್ ಹೆಲ್ಪ್’ ಎಂದು ಸುದ್ದಿಯ ತಲೆಬರಹದಲ್ಲಿದ್ದರೆ ‘ಸಹಾಯ ಮಾಡಿತು’ ಎಂದಲ್ಲ, ‘ಮುಂದೆ ಸಹಾಯವಾದೀತು’ ಎಂದು. ‘ಕುಡ್ ಹ್ಯಾವ್ ಹೆಲ್ಪ್ಡ್’ ಎಂದರೆ ಸಾಮಾನ್ಯವಾಗಿ ‘ಸಹಾಯವಾಗಬಹುದಿತ್ತು, ಆಗಲಿಲ್ಲ’. ‘ಮೇ’ ಮತ್ತು ‘ಮೈಟ್’ ನಡುವಿನ ಅಂತರವೂ ಈಗಿನ ಬಳಕೆಯಲ್ಲಿ ತೀರಾ ಕಡಿಮೆ. ಎರಡೂ ಖಚಿತವಲ್ಲ ಎಂಬುದಷ್ಟೇ ಮುಖ್ಯ.

ಎರಡು: ‘ಕ್ಯಾನ್’ ಒಂದು ಸಾಮಾನ್ಯ ಸಂಗತಿ ಹೇಳುತ್ತದೆ. ‘ಕೋಕೋನಟ್ಸ್ ಕ್ಯಾನ್ ಫಾಲ್’ ಎಂದರೆ ಕಾಯಿ ಬೀಳುವುದುಂಟು. ಈಗ, ನಿಮ್ಮ ತಲೆಯ ಮೇಲೆ ಬೀಳುತ್ತದೆ ಎಂದಲ್ಲ.

ಮೂರು: ‘ಪೊಟೆನ್ಶಿಯಲ್ ಟ್ರೀಟ್‌ಮೆಂಟ್’ ಎಂದರೆ ಚಿಕಿತ್ಸೆ ಅಲ್ಲ, ಮುಂದೆ ಚಿಕಿತ್ಸೆ ಆದರೂ ಆದೀತು ಎಂಬ ವಸ್ತು. ಮೊದಲು ಹೇಳಿದ ಮರೆವಿನ ಕಾಯಿಲೆಯ ಫಾರ್ವರ್ಡ್ ಇಂಥದ್ದೇ. ತೆಂಗಿನ ಎಣ್ಣೆ ಆ ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂದು ಈವರೆಗೆ ಸಾಬೀತಾಗಿಲ್ಲ. ‘ಮಾಡುತ್ತದೆ’ ಎಂದು ನಂಬಿ ಮನೆಯ ಹಿರಿಯರ ಮಾತ್ರೆ ನಿಲ್ಲಿಸಿದರೆ ನಷ್ಟ ಅವರಿಗೇ.

ಕ್ಯಾನ್ಸರ್ ಪಟ್ಟಿ: ‘ಪಾಸಿಬ್ಲಿ’ ಬೇರೆ, ‘ಪ್ರಾಬಬ್ಲಿ’ ಬೇರೆ

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವಸ್ತುಗಳನ್ನು ಗುಂಪು ಮಾಡುತ್ತದೆ. ಗುಂಪು 1 ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ. ಇಲ್ಲಿ ‘ಬಹುದು’ ಇಲ್ಲ. ಗುಂಪು 2ಎ ‘ಪ್ರಾಬಬ್ಲಿ’, ಅಂದರೆ ತರುವ ಸಂಭವ ಹೆಚ್ಚು. ಗುಂಪು 2ಬಿ ‘ಪಾಸಿಬ್ಲಿ’, ಅಂದರೆ ತಂದೀತು, ಆಧಾರ ಇನ್ನೂ ಸಾಲದು. ಮೊಬೈಲ್ ಫೋನಿನ ರೇಡಿಯೊ ತರಂಗಗಳನ್ನು 2011ರಲ್ಲಿ ಸೇರಿಸಿದ್ದು ಈ 2ಬಿ ಗುಂಪಿಗೆ.

ಇದೇ 2ಬಿಯಲ್ಲಿ ‘ಕೋಕೋನಟ್ ಆಯಿಲ್ ಡೈಈಥನಾಲಮೀನ್ ಕಂಡೆನ್ಸೇಟ್’ ಎಂಬ ಹೆಸರಿದೆ. ಮೊದಲೆರಡು ಪದ ಓದಿ ಗಾಬರಿಯಾಗಬೇಡಿ. ಇದು ಅಡುಗೆಯ ಎಣ್ಣೆಯಲ್ಲ. ತೆಂಗಿನ ಎಣ್ಣೆಯ ಅಂಶಕ್ಕೆ ಇನ್ನೊಂದು ರಾಸಾಯನಿಕ ಸೇರಿಸಿ ಕಾರ್ಖಾನೆಯಲ್ಲಿ ತಯಾರಿಸುವ ವಸ್ತು. ಶಾಂಪೂ, ಸಾಬೂನುಗಳಲ್ಲಿ ನೊರೆಗಾಗಿ ಬಳಸುತ್ತಾರೆ. ಅದರ ಬಗ್ಗೆಯೂ ಹೇಳಿರುವುದು ಪ್ರಾಣಿಗಳ ಮೇಲಿನ ಪ್ರಯೋಗದ ಆಧಾರದಲ್ಲಿ, ‘ಪಾಸಿಬ್ಲಿ’ ಎಂದಷ್ಟೇ. ಹೆಸರನ್ನು ಅರ್ಧ ಕತ್ತರಿಸಿ, ‘ಪಾಸಿಬ್ಲಿ’ಯನ್ನೂ ಬಿಟ್ಟರೆ ‘ತೆಂಗಿನ ಎಣ್ಣೆಯಿಂದ ಕ್ಯಾನ್ಸರ್’ ಎಂಬ ಸಂದೇಶ ಸಿದ್ಧ.

ಈಗ ತೆಂಗಿನ ಸಾಲಿನ ನಡುವಿನ ಅಡಿಕೆಗೆ ಬನ್ನಿ. ನಮಗೆ ಹಿತವಾಗದ ಮಾತು ಇದು, ಆದರೂ ಹೇಳಲೇಬೇಕು. ಅಡಿಕೆ ಇರುವುದು ಗುಂಪು 1ರಲ್ಲಿ. 2004ರಲ್ಲಿ ಪ್ರಕಟವಾದ ವರದಿ ಹಾಗೆಂದು ಸ್ಪಷ್ಟವಾಗಿ ಹೇಳಿತು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಒಂದು ಅಂಶವನ್ನು ಮಾತ್ರ ಪ್ರತ್ಯೇಕವಾಗಿ ಪರಿಶೀಲಿಸಿ 2020ರಲ್ಲಿ 2ಬಿಗೆ ಸೇರಿಸಲಾಯಿತು. ಅದನ್ನು ತೋರಿಸಿ ‘ಅಡಿಕೆ ಬಗ್ಗೆಯೂ ಬರೀ ಅನುಮಾನ’ ಎಂದರೆ ತಪ್ಪು. ಇಲ್ಲದ ‘ಬಹುದು’ ಸೇರಿಸುವುದೂ ಇರುವ ‘ಬಹುದು’ ಕೀಳುವಷ್ಟೇ ಸುಳ್ಳು.

ನೆನಪಿಡಿ: ಈ ಗುಂಪುಗಳು ಹೇಳುವುದು ಆಧಾರ ಎಷ್ಟು ಗಟ್ಟಿ ಎಂಬುದನ್ನು. ಎಷ್ಟು ಬಳಸಿದರೆ ಎಷ್ಟು ಅಪಾಯ ಎಂಬುದನ್ನಲ್ಲ.

‘ಲೈಕ್ಲಿ’ ಎಂದರೆ ಎಷ್ಟು?

ರಾಗಿ ಕಣದಲ್ಲಿದ್ದಾಗ ‘ರೇನ್ ಲೈಕ್ಲಿ’ ಎಂಬ ಸಾಲು ‘ಇವತ್ತು ಮಳೆ ಬರುತ್ತದೆ’ ಎಂದು ಗ್ರೂಪಿಗೆ ಬಂದರೆ ಇಡೀ ಊರು ಟಾರ್ಪಾಲು ಹುಡುಕುತ್ತದೆ. ಆಡುಮಾತಿನ ಇಂಗ್ಲಿಷಿನಲ್ಲಿ ‘ಲೈಕ್ಲಿ’ ಎಂದರೆ ಅರ್ಧಕ್ಕಿಂತ ಹೆಚ್ಚು ಸಂಭವ. ಆದರೆ ಭಾರತೀಯ ಹವಾಮಾನ ಇಲಾಖೆಯ ಸಂಭವನೀಯತೆಯ ಪಟ್ಟಿಯಲ್ಲಿ ‘ಲೈಕ್ಲಿ’ ಎಂದರೆ ಶೇ. 25ರಿಂದ 50, ‘ವೆರಿ ಲೈಕ್ಲಿ’ ಶೇ. 50ರಿಂದ 75, ‘ಮೋಸ್ಟ್ ಲೈಕ್ಲಿ’ ಶೇ. 75ಕ್ಕಿಂತ ಮೇಲೆ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ ವರದಿಗಳಲ್ಲಿ ಅದೇ ‘ಲೈಕ್ಲಿ’ಗೆ ಶೇ. 66ರಿಂದ 100. ಪದ ಒಂದೇ, ಅಳತೆ ಬೇರೆ. ಆದ್ದರಿಂದ ಹೇಳಿದವರು ಯಾರು ಎಂದು ನೋಡದೆ ಇದರ ಅರ್ಥ ಪೂರ್ತಿಯಾಗುವುದಿಲ್ಲ. ಹಾಗೆಂದು ಇಲಾಖೆಯ ಮುನ್ಸೂಚನೆಯನ್ನು ಕಡೆಗಣಿಸಬೇಡಿ; ನಾಲ್ಕರಲ್ಲಿ ಒಂದು ಸಂಭವವಿದ್ದರೂ ರಾಗಿ ಮುಚ್ಚಿಡುವುದು ಜಾಣತನ.

ಬೆಲೆಯ ಮಾತು

2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಇದು ಆದ ಸಂಗತಿ. ‘ಪ್ರೈಸಸ್ ಕುಡ್ ರೈಸ್’ ಎಂಬುದು ಒಬ್ಬರ ಊಹೆ. ಏರೀತು ಎಂದವರು ಇಳಿದೀತು ಎಂಬುದನ್ನೂ ಒಪ್ಪಿಕೊಂಡಂತೆಯೇ. ತಿಪಟೂರು ಎಪಿಎಂಸಿಗೆ ಚೀಲ ಒಯ್ಯುವ ದಿನವನ್ನು ಇಂಥ ಒಂದು ‘ಕುಡ್’ ಮೇಲೆ ನಿಲ್ಲಿಸಬೇಡಿ.

ಫಾರ್ವರ್ಡ್ ಒತ್ತುವ ಮುನ್ನ

1. ಮೂಲ ಸುದ್ದಿ ಸಿಕ್ಕರೆ ‘ಮೇ’, ‘ಮೈಟ್’, ‘ಕುಡ್’, ‘ಪಾಸಿಬಲ್’, ‘ಲೈಕ್ಲಿ’, ‘ಪೊಟೆನ್ಶಿಯಲ್’ ಇದೆಯೇ ಹುಡುಕಿ.
2. ಇದ್ದರೆ ಕನ್ನಡದ ಸಾಲಿನಲ್ಲೂ ‘ಬಹುದು’ ಇದೆಯೇ ನೋಡಿ. ಇಲ್ಲದಿದ್ದರೆ ಸೇರಿಸಿ, ಇಲ್ಲವೇ ಕಳಿಸಬೇಡಿ.
3. ‘ಮೇ ನಾಟ್’ ಎಂಬುದನ್ನು ‘ಸಾಧ್ಯವಿಲ್ಲ’ ಎಂದು ಓದಬೇಡಿ. ಅದು ‘ಆಗದಿರಬಹುದು’.
4. ಔಷಧಿ ನಿಲ್ಲಿಸುವ, ಬೆಳೆ ಮಾರುವ ತೀರ್ಮಾನಕ್ಕೆ ‘ಬಹುದು’ ಸಾಲದು. ವೈದ್ಯರನ್ನು ಕೇಳಿ, ಮಾರುಕಟ್ಟೆಯ ದರ ನೋಡಿ.

ಅಟ್ಟದ ಕಾಯನ್ನು ಅಲ್ಲಾಡಿಸದೆ ಯಾರೂ ಒಡೆಯುವುದಿಲ್ಲ. ಮೊಬೈಲಿಗೆ ಬಂದ ಸುದ್ದಿಯನ್ನೂ ಒಮ್ಮೆ ಹಾಗೇ ಅಲ್ಲಾಡಿಸಿ ನೋಡಿ.