ಕೈಕಾಲುಗಳ ಧಮನಿರೋಧವೂ ಹೆಪ್ಪು ಕರಗಿಸುವ ಔಷಧವೂ

ಸಿಂದಗಿ ಸೀಮೆಯವರಿಗೆ ಡೋಣಿಯ ಹರಿವೆಂದರೆ ಏನೆಂಬುದನ್ನು ಹೇಳಿಕೊಡಬೇಕಾದುದಿಲ್ಲ. ಹೊಳೆ ಹರಿದರೆ ಕಾಳು. ಹೂಳು ತುಂಬಿದರೆ ಗೋಳು. ಮನುಷ್ಯನ ಕೈಕಾಲುಗಳ ಧಮನಿಗಳ ಸ್ಥಿತಿಯೂ ಹೀಗೆಯೇ. ಹೃದಯದಲ್ಲಿ ಹುಟ್ಟಿದ ಹೆಪ್ಪೊಂದು ರಕ್ತದೊಡನೆ ತೇಲಿಬಂದು ಕಾಲಿನ ಧಮನಿಯಲ್ಲಿ ಸಿಕ್ಕಿಕೊಂಡರೆ, ಇಲ್ಲವೆ ಮೊದಲೇ ಕಿರಿದಾದ ಧಮನಿಯಲ್ಲಿ ಹೆಪ್ಪು ಕಟ್ಟಿದರೆ, ಕಾಲು ಒಮ್ಮೆಲೆ ನೋಯತೊಡಗುವುದು, ಬಿಳಿಚಿ ತಣ್ಣಗಾಗುವುದು, ನಾಡಿ ಸಿಗದಾಗುವುದು, ಕಡೆಗೆ ಜೋಮು ಹಿಡಿದು ಚಲನೆಯೇ ನಿಲ್ಲುವುದು. ರಕ್ತವು ಪೂರ್ಣವಾಗಿ ನಿಂತಲ್ಲಿ ಸುಮಾರು 6 ಗಂಟೆಗಳಲ್ಲಿ ಸ್ನಾಯುಗಳು ಅಳಿಯತೊಡಗುವವು. ಹಿಂದಿನ ಕಾಲದಲ್ಲಿ ಬಹುಮಟ್ಟಿಗೆ ಕಾಲು ಕತ್ತರಿಸುವುದೇ ಇದಕ್ಕೆ ಗತಿಯಾಗಿದ್ದಿತು.

ಈ ಗತಿಯನ್ನು ತಪ್ಪಿಸಬಲ್ಲ ಔಷಧದ ಚರಿತ್ರೆಯು ವಿಚಿತ್ರವಾದುದು. 1933ರಲ್ಲಿ ಅಮೇರಿಕೆಯ ಜಾನ್ಸ್ ಹಾಪ್‌ಕಿನ್ಸ್ ವಿದ್ಯಾಲಯದ ಟಿಲ್ಲೆಟ್ ಹಾಗೂ ಗಾರ್ನರ್ ಎಂಬ ವಿದ್ವಾಂಸರು, ಗಂಟಲುಬೇನೆ ತರುವ ಸ್ಟ್ರೆಪ್ಟೊಕಾಕಸ್ ಜಾತಿಯ ರೋಗಾಣುಗಳಿಂದ ಸ್ರವಿಸುವ ದ್ರವ್ಯವು ಮನುಷ್ಯರಕ್ತದ ಹೆಪ್ಪನ್ನು ಕರಗಿಸುವುದೆಂದು ತೋರಿಸಿದರು. ರೋಗ ತರುವ ಜೀವಿಯೇ ಮದ್ದನ್ನೂ ಕೊಟ್ಟಿತು! ಸ್ಟ್ರೆಪ್ಟೊಕೈನೇಸ್ ಎಂಬ ಈ ದ್ರವ್ಯವು ತಾನಾಗಿ ಹೆಪ್ಪನ್ನು ಕಡಿಯುವುದಿಲ್ಲ. ನಮ್ಮ ರಕ್ತದಲ್ಲಿಯೇ ಸುಪ್ತವಾಗಿರುವ ಪ್ಲಾಸ್ಮಿನೋಜನ್ನನ್ನು ಎಚ್ಚರಗೊಳಿಸಿ, ಅದರ ಮೂಲಕ ಹೆಪ್ಪಿನ ಎಳೆಗಳನ್ನು ಬಿಡಿಸುವುದು. 1949ರಲ್ಲಿ ಟಿಲ್ಲೆಟ್ ಹಾಗೂ ಶೆರ್ರಿ ಎಂಬವರು ಎದೆಗೂಡಿನಲ್ಲಿ ಹೆಪ್ಪುಗಟ್ಟಿದ ರಕ್ತಕ್ಕೆ ಇದನ್ನು ಬಳಸಿದ ಫಲಗಳನ್ನು ಪ್ರಕಟಿಸಿದರು.

ಆದರೆ ಮೈಯೆಲ್ಲ ಹರಡುವಂತೆ ಈ ಮದ್ದನ್ನು ಕೊಟ್ಟಾಗ ಬೇಡದ ಕಡೆಯಲ್ಲಿಯೂ ರಕ್ತವು ಸೋರುವ ಭಯವಿದ್ದಿತು. 1963ರಲ್ಲಿ ಫೋಗಾರ್ಟಿಯವರು ಪುಗ್ಗೆಯುಳ್ಳ ನಳಿಕೆಯಿಂದ ಹೆಪ್ಪನ್ನು ಹೊರಗೆಳೆಯುವ ಶಸ್ತ್ರಕ್ರಮವನ್ನು ಪ್ರಕಟಿಸಿದರು. 1974ರಲ್ಲಿ ಚಾರ್ಲ್ಸ್ ಡಾಟರ್ ಎಂಬವರು ಬೇರೊಂದು ದಾರಿ ತೋರಿದರು: ಸೂಕ್ಷ್ಮ ನಳಿಕೆಯನ್ನು ಹೆಪ್ಪಿನ ಬಳಿಗೇ ಒಯ್ದು, ಅಲ್ಪ ಪ್ರಮಾಣದ ಮದ್ದನ್ನು ಅಲ್ಲಿಯೇ ಹನಿಸುವುದು. ಮುಂದೆ ಯೂರೋಕೈನೇಸ್, ಆಲ್ಟಿಪ್ಲೇಸ್ ಎಂಬ ಔಷಧಗಳು ಬಂದವು.

ಮದ್ದು ಮೇಲೋ, ಶಸ್ತ್ರ ಮೇಲೋ? 1994ರಲ್ಲಿ ರೋಚೆಸ್ಟರಿನ ಪರೀಕ್ಷೆಯಲ್ಲಿ 114 ರೋಗಿಗಳ ವಿಷಯವಾಗಿ ಹೇಳಿದುದಿದು: ವರ್ಷಾಂತ್ಯದಲ್ಲಿ ಎರಡೂ ಪಂಗಡಗಳಲ್ಲಿ ಅಂಗಗಳು ಉಳಿದ ಪ್ರಮಾಣವು ಶೇಕಡಾ 82, ಆದರೆ ಬದುಕಿ ಉಳಿದವರು ಮದ್ದಿನ ಪಂಗಡದಲ್ಲಿ ಶೇಕಡಾ 84, ಶಸ್ತ್ರದ ಪಂಗಡದಲ್ಲಿ 58. ಅದೇ ವರ್ಷದ ಇನ್ನೊಂದು ಪರೀಕ್ಷೆಯು, 14 ದಿನಗಳೊಳಗಿನ ಬೇನೆಗೆ ಮದ್ದು, ಹಳೆಯದಕ್ಕೆ ಶಸ್ತ್ರ ಎಂದಿತು. 1998ರ ಮೂರನೆಯ ಪರೀಕ್ಷೆಯಲ್ಲಿ ಮದ್ದು ಪಡೆದವರಲ್ಲಿ ಶೇಕಡಾ 12.5ರಷ್ಟು ಮಂದಿಗೆ ಭಾರಿ ರಕ್ತಸ್ರಾವವಾಯಿತು; ಶಸ್ತ್ರದವರಲ್ಲಿ 5.5. ಆದುದರಿಂದ ಇದು ಅಮೃತವಲ್ಲ. ಅರಿತು ಬಳಸಬೇಕಾದ ಆಯುಧ.

ನಮ್ಮ ನಾಡಿನ ಸಂಗತಿಗೆ ಬರೋಣ. ಚಂಡೀಗಡದ ಸೂಕ್ಷ್ಮಜೀವಿ ಸಂಶೋಧನಾಲಯವು ಸ್ಟ್ರೆಪ್ಟೊಕೈನೇಸನ್ನು ದೇಶದಲ್ಲಿಯೇ ತಯಾರಿಸುವ ವಿಧಾನವನ್ನು ಸಿದ್ಧಗೊಳಿಸಿತು. ಫ. ಗು. ಹಳಕಟ್ಟಿಯವರು 1910ರಲ್ಲಿ ಸ್ಥಾಪಿಸಿದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. 2023ರಲ್ಲಿ ಕರ್ನಾಟಕ ಸರಕಾರವು ಪುನೀತ್ ರಾಜಕುಮಾರರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ ಹೃದಯಾಘಾತಕ್ಕಾಗಿ ಟೆನೆಕ್ಟಿಪ್ಲೇಸ್ ಎಂಬ ಮದ್ದನ್ನು ತಾಲೂಕು ಆಸ್ಪತ್ರೆಗಳಿಗೂ ತರುವ ಏರ್ಪಾಡನ್ನು ಮಾಡಿತು. ಹೃದಯಕ್ಕೆ ಒಂದು ಸೂಜಿಯಿಂದ ಸಾಗುವ ಕೆಲಸವು ಕಾಲಿಗೆ ಸಾಗದು. ಅದಕ್ಕೆ ನಳಿಕೆ ಬೇಕು, ಒಳಚಿತ್ರ ತೋರುವ ಯಂತ್ರ ಬೇಕು, ಹಗಲಿರುಳು ಕಾಯುವ ದಾದಿಯರು ಬೇಕು. ಮೇಲಾಗಿ ಈ ಮದ್ದು ಹನಿಹನಿಯಾಗಿ ಹಲವು ಗಂಟೆ ಇಳಿಯಬೇಕು. ಕಾಲು ಜೋಮುಹಿಡಿದು ನಿಶ್ಚಲವಾದ ಮೇಲೆ ಬಂದವನಿಗೆ ಆ ಗಂಟೆಗಳೇ ಉಳಿದಿರುವುದಿಲ್ಲ. ಅವನಿಗೆ ಕೂಡಲೇ ಶಸ್ತ್ರವೇ ಬೇಕಾಗುವುದು.

ಸಿಂದಗಿಯಿಂದ ವಿಜಯಪುರಕ್ಕೆ ಸುಮಾರು 60 ಕಿಲೋಮೀಟರು. ಈ ದಾರಿ ಬಹಳವಲ್ಲ. ಮನೆಯಲ್ಲಿಯೇ ಕಳೆಯುವ ರಾತ್ರಿ ಬಹಳ. ಒಮ್ಮೆಲೆ ತಣ್ಣಗಾದ ಕಾಲನ್ನು ವಾತವೆಂದು ಬಗೆದು ಎಣ್ಣೆ ತಿಕ್ಕುವುದು, ಕಾವು ಕೊಡುವುದು, ಬೆಳಗಾಗಲಿ ಎಂದು ಕಾಯುವುದು, ಇವು ಕಾಲನ್ನೇ ಕಳೆಯುವ ಉಪಚಾರಗಳು. ತೊಂಬತ್ತು ವರ್ಷಗಳ ಈ ಪರಿಶ್ರಮದ ಫಲವು ನಮ್ಮವರಿಗೆ ದಕ್ಕಬೇಕಾದರೆ, ತಣ್ಣಗಾದ ಪಾದವನ್ನು ಮೊದಲು ಕಂಡ ಮನೆಯವರು ಆ ಕ್ಷಣವೇ ಗಾಡಿ ಹೂಡಿಸಬೇಕು.