ಶೆಲ್‌ನ ಆರಂಭಿಕ ಕಡತಗಳು: ಒಂದು ಪದ್ಧತಿಯ ಬೆಳವಣಿಗೆ

ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಬಳಕೆದಾರರು ಕೊಡುವ ಆದೇಶಗಳನ್ನು ಓದಿ, ತಕ್ಕ ತಂತ್ರಾಂಶಗಳನ್ನು ನಡೆಸುವ ಮಧ್ಯವರ್ತಿ ತಂತ್ರಾಂಶಕ್ಕೆ ಶೆಲ್ ಎಂದೂ, ಶೆಲ್ ಕೆಲಸಕ್ಕೆ ತೊಡಗುವ ಮುನ್ನ ತಾನಾಗಿಯೇ ಓದಿಕೊಳ್ಳುವ ಆದೇಶಗಳ ಕಡತಗಳಿಗೆ ಆರಂಭಿಕ ಕಡತಗಳೆಂದೂ ಹೆಸರು. ಇವುಗಳ ಹೆಸರೂ ಓದುವ ಕ್ರಮವೂ ಒಂದೊಂದು ಶೆಲ್‌ನಲ್ಲಿ ಒಂದೊಂದು ಬಗೆಯಾಗಿದ್ದರೂ, ಯಾವ ಸಿದ್ಧತೆಯನ್ನು ಒಮ್ಮೆ ಮಾಡಿದರೆ ಸಾಕು, ಯಾವುದನ್ನು ಪ್ರತಿ ಸಲವೂ ಮಾಡಬೇಕು ಎಂಬ ಒಂದೇ ಪ್ರಶ್ನೆಯೇ ಈ ವೈವಿಧ್ಯದ ಮೂಲದಲ್ಲಿದೆ.

ಆದೇಶಗಳನ್ನು ಕಡತದಲ್ಲಿ ಬರೆದಿಟ್ಟು ಸಾಲಾಗಿ ನಡೆಸುವ ಕ್ರಮ ಯುನಿಕ್ಸ್‌ಗಿಂತ ಹಳೆಯದು. 1960ರ ದಶಕದಲ್ಲಿ ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ವ್ಯವಸ್ಥೆಗಾಗಿ ಲೂಯಿ ಪೂಜಾಂ ರಚಿಸಿದ ‘ರನ್‌ಕಾಮ್’ ಈ ಕೆಲಸ ಮಾಡುತ್ತಿತ್ತು. ಇಂದಿಗೂ ಕಡತಗಳ ಹೆಸರಿನ ಕೊನೆಯಲ್ಲಿ ಕಾಣುವ ‘ಆರ್‌ಸಿ’ ಅದರಿಂದಲೇ ಬಂದದ್ದು. ಬಳಕೆದಾರರ ಸ್ವಂತ ಆರಂಭಿಕ ಕಡತವು ನೆಲೆಗೊಂಡದ್ದು 1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ. ಅದರ ಭಾಗವಾಗಿದ್ದ ಸ್ಟೀಫನ್ ಬೋರ್ನ್ ಅವರ ಶೆಲ್, ಲಾಗಿನ್ ಆದಾಗ ಮಾತ್ರ ‘ಡಾಟ್ ಪ್ರೊಫೈಲ್’ ಕಡತವನ್ನು ಓದುತ್ತಿತ್ತು. ಅಲ್ಲಿ ಗೊತ್ತುಪಡಿಸಿ ಹೊರಗೊಟ್ಟ ಎನ್ವಿರಾನ್‌ಮೆಂಟ್ ಚರಗಳು, ಅಂದರೆ ಆದೇಶಗಳನ್ನು ಹುಡುಕುವ ದಾರಿ ಮೊದಲಾದ ಹೆಸರು ಸಹಿತ ಮೌಲ್ಯಗಳು, ಆ ಶೆಲ್‌ನಿಂದ ಹುಟ್ಟುವ ಎಲ್ಲ ತಂತ್ರಾಂಶಗಳಿಗೂ ತಂದೆಯ ಆಸ್ತಿ ಮಕ್ಕಳಿಗೆ ಬರುವಂತೆ ಬರುತ್ತಿದ್ದುದರಿಂದ, ಒಂದು ಟರ್ಮಿನಲ್ಲಿನ ಮುಂದೆ ಕುಳಿತು ಒಮ್ಮೆ ಲಾಗಿನ್ ಆಗುವವರಿಗೆ ಅಷ್ಟೇ ಸಾಕಾಗುತ್ತಿತ್ತು.

ಅದೇ ಕಾಲದಲ್ಲಿ ಬರ್ಕ್‌ಲಿಯಲ್ಲಿ ಬಿಲ್ ಜಾಯ್ ರೂಪಿಸಿದ ಸಿ ಶೆಲ್, ಉದ್ದನೆಯ ಆದೇಶಕ್ಕೆ ಚುಟುಕು ಹೆಸರಿಡುವ ‘ಏಲಿಯಾಸ್’ ಸೌಲಭ್ಯವನ್ನು ತಂದಿತು. ಏಲಿಯಾಸ್ ಶೆಲ್‌ನ ಒಳಗಿನ ಸಂಗತಿಯಾಗಿದ್ದು ಹೊಸ ಶೆಲ್‌ಗೆ ತಾನಾಗಿ ದಾಟದ ಕಾರಣ, ಪ್ರತಿ ಸಲ ಓದುವ ‘ಡಾಟ್ ಸಿಎಸ್‌ಎಚ್‌ಆರ್‌ಸಿ’, ಲಾಗಿನ್ ಆದಾಗ ಮಾತ್ರ ಓದುವ ‘ಡಾಟ್ ಲಾಗಿನ್’ ಎಂಬ ಎರಡು ಕಡತಗಳು ಬೇಕಾದವು. ಬೋರ್ನ್ ಪರಂಪರೆಯಲ್ಲಿ ಡೇವಿಡ್ ಕಾರ್ನ್ ಅವರ ಶೆಲ್ ಇದೇ ಕೊರತೆಗೆ ಬೇರೆ ಪರಿಹಾರ ಕಂಡುಕೊಂಡು, ಓದಬೇಕಾದ ಕಡತ ಯಾವುದೆಂಬುದನ್ನು ‘ಇಎನ್‌ವಿ’ ಎಂಬ ಚರದಲ್ಲಿ ಸೂಚಿಸಲು ಅವಕಾಶ ಮಾಡಿಕೊಟ್ಟಿತು.

ಬ್ರಯನ್ ಫಾಕ್ಸ್ 1989ರಲ್ಲಿ ಹೊರತಂದ ಬ್ಯಾಶ್ ಎರಡೂ ಪರಂಪರೆಗಳಿಂದ ಎರವಲು ಪಡೆಯಿತು. ಲಾಗಿನ್ ಶೆಲ್ ಆಗಿ ತೊಡಗಿದಾಗ ಅದು ವ್ಯವಸ್ಥೆಗೆಲ್ಲ ಸಾಮಾನ್ಯವಾದ ಪ್ರೊಫೈಲನ್ನು ಓದಿ, ಬಳಿಕ ಬಳಕೆದಾರರ ‘ಡಾಟ್ ಬ್ಯಾಶ್ ಪ್ರೊಫೈಲ್’, ‘ಡಾಟ್ ಬ್ಯಾಶ್ ಲಾಗಿನ್’, ‘ಡಾಟ್ ಪ್ರೊಫೈಲ್’ ಇವುಗಳಲ್ಲಿ ಮೊದಲು ಸಿಕ್ಕಿದ ಒಂದನ್ನು ಮಾತ್ರ ಓದುತ್ತದೆ. ಲಾಗಿನ್ ಇಲ್ಲದೆ ತೆರೆದ, ಬಳಕೆದಾರರೊಡನೆ ನೇರವಾಗಿ ವ್ಯವಹರಿಸುವ ಶೆಲ್ ಆದರೆ ‘ಡಾಟ್ ಬ್ಯಾಶ್‌ಆರ್‌ಸಿ’ಯನ್ನು ಓದುತ್ತದೆ. 1990ರಲ್ಲಿ ಪಾಲ್ ಫಾಲ್‌ಸ್ಟಾಡ್ ರಚಿಸಿದ ಜಡ್‌ಶೆಲ್, ಎಲ್ಲ ಸಂದರ್ಭಕ್ಕೂ ಸಲ್ಲುವ ಇನ್ನೊಂದು ಕಡತವನ್ನು ಸೇರಿಸಿ ವಿಂಗಡಣೆಯನ್ನು ಮತ್ತಷ್ಟು ಸೂಕ್ಷ್ಮಗೊಳಿಸಿತು.

ಅಷ್ಟರಲ್ಲಿ ಆ ವಿಂಗಡಣೆಗೆ ಆಧಾರವಾಗಿದ್ದ ಬಳಕೆಯೇ ಬದಲಾಗಿತ್ತು. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆಯಿಂದ ಒಂದೇ ಪರದೆಯ ಮೇಲೆ ಹಲವು ಟರ್ಮಿನಲ್ ಕಿಟಕಿಗಳು ತೆರೆಯತೊಡಗಿದವು. ಅವುಗಳೊಳಗಿನ ಶೆಲ್‌ಗಳು ಸಾಮಾನ್ಯವಾಗಿ ಲಾಗಿನ್ ಶೆಲ್‌ಗಳಾಗಿರಲಿಲ್ಲ. ಮ್ಯಾಕ್ ಗಣಕಗಳ ಟರ್ಮಿನಲ್ ಇದಕ್ಕೆ ವ್ಯತಿರಿಕ್ತವಾಗಿ ಪ್ರತಿ ಕಿಟಕಿಯಲ್ಲೂ ಲಾಗಿನ್ ಶೆಲ್ಲನ್ನೇ ತೆರೆಯುತ್ತದೆ. ಹೀಗೆ ಒಂದೇ ಶೆಲ್ ಬೇರೆ ಬೇರೆ ಗಣಕಗಳಲ್ಲಿ ಬೇರೆ ಬೇರೆ ಕಡತ ಓದುವಂತಾದುದರಿಂದ, ಪ್ರೊಫೈಲ್ ಕಡತದಿಂದಲೇ ಆರ್‌ಸಿ ಕಡತವನ್ನು ಓದಿಸುವ ವಾಡಿಕೆ ಬಳಕೆದಾರರಲ್ಲಿ ಬೆಳೆಯಿತು; ಶೆಲ್ ರಚಿಸಿದವರು ಬೇರ್ಪಡಿಸಿದ ಎರಡು ಕಡತಗಳನ್ನು ಬಳಸಿದವರು ಹೀಗೆ ಒಂದು ಸಾಲಿನ ಆದೇಶದಿಂದ ಮತ್ತೆ ಕೂಡಿಸಿದರು.