ಸೊಕ್ಕು

ಕುಷ್ಟಗಿಯ ಬಸ್ ನಿಲ್ದಾಣದ ಸಮೀಪದ ಚಹಾದಂಗಡಿಯಲ್ಲಿ, ಗೋಡೆಯ ಟಿ.ವಿ.ಯೊಳಗೆ ವಿಕೆಟ್ ಪಡೆದ ವಿದೇಶೀ ಬೌಲರನೊಬ್ಬನು ಔಟಾದವನಿಗೆ ಬೆರಳು ತೋರಿ ಪೆವಿಲಿಯನ್ನಿನ ದಾರಿ ಹಿಡಿಯೆಂದು ಸನ್ನೆಮಾಡಿದುದನ್ನು ಕಂಡು, ತರುಣನೊಬ್ಬ “ಏನ್ ಆಟಿಟ್ಯೂಡ್ ಐತಲೇ ಅವಂದು!” ಎಂದು ಮೆಚ್ಚಿದನು. ಪಕ್ಕದಲ್ಲಿ ಬಸಿಗೆ ಚಹಾ ಸುರಿದು ಆರಿಸುತ್ತಿದ್ದ ಹಿರಿಯರು ತಲೆಯೆತ್ತದೆಯೇ, “ಅದಕ್ಕ ಸೊಕ್ಕು ಅಂತಾರ ತಮ್ಮಾ” ಎಂದರು.

ನಾನು ಹಿರಿಯರ ಪಕ್ಷ. ಗತ್ತು, ಠೀವಿ, ಹಟ, ಅಭಿಮಾನ, ಉದ್ಧಟತನ ಎಲ್ಲಕ್ಕೂ ಒಂದೇ ಪರಭಾಷಾಪದವನ್ನು ತೊಡಿಸಿ, ಆಡಿದ್ದು ಸ್ತುತಿಯೋ ನಿಂದೆಯೋ ಆಡಿದವನಿಗೇ ತಿಳಿಯದಂತೆ ಮಾತನಾಡುವ ಈಚಿನ ರೂಢಿ ನನಗೆ ಸಹ್ಯವಾಗದು.

ಹಾಗೆಂದು ಸೊಕ್ಕೆಂಬುದು ಮೂಲತಃ ದೋಷವಾಚಕವೆಂದು ನಾನು ಒಪ್ಪಲಾರೆ. ಹಳಗನ್ನಡದವರು ಮದವೇರಿದ ಗಜವನ್ನು ಸೊರ್ಕಾನೆ ಎಂದರು. ಆನೆಗೆ ಮದವು ಶೀಲಭ್ರಂಶವಲ್ಲ, ತುಂಬಿದ ಬಲವು ಹೊರಚೆಲ್ಲುವ ದೇಹಧರ್ಮ. ಆನೆಗೂ ಸಂದ ಈ ಮಾತು, ಆನೆಯ ಹೆಸರನ್ನೇ ಹೊತ್ತ ಆನೆಗುಂದಿಯಿರುವ ಗಂಗಾವತಿಯ ಸೀಮೆಯಲ್ಲಿ, ಅರಸರೊಡನೆ ಆನೆಗಳೂ ಹೋದ ಬಳಿಕ ಎತ್ತಿನ ಕೊಟ್ಟಿಗೆಗೆ ಇಳಿದು ಬಂದಿತೆಂಬುದು ನನ್ನ ದೃಢವಾದ ನಂಬಿಕೆ. ಕಾರಹುಣ್ಣಿಮೆಯ ಸಂಜೆ, ಹತ್ತಿಕಾಳು ಹಿಂಡಿ ತಿಂದು ಮೈತುಂಬಿಕೊಂಡು, ಕೊಂಬಿಗೆ ಬಣ್ಣ ಬಳಿಸಿಕೊಂಡು, ಕರಿ ಹರಿಯಲು ಮೂಗುದಾಣ ಜಗ್ಗುತ್ತ ಮಣ್ಣು ಕೆದರುವ ತನ್ನ ಎತ್ತನ್ನು ನೋಡಿ ಯಲಬುರ್ಗಾದ ರೈತನು “ಸೊಕ್ಕೈತಿ ನೋಡ್ರಿ” ಎನ್ನುವಾಗ ಅವನ ದನಿಯಲ್ಲಿ ಹೆಮ್ಮೆ ತುಂಬಿರುತ್ತದೆ. ಅದೇ ಎತ್ತು ನೆರೆಯವನನ್ನು ಹಾಯ್ದರೆ ಅದೇ ಶಬ್ದವು ಬೈಗುಳವಾಗುತ್ತದೆ.

2008ರ ಆಗಸ್ಟ್ 16ರಂದು ಬೀಜಿಂಗ್ ಒಲಿಂಪಿಕ್ಸಿನಲ್ಲಿ ಓಟಗಾರ ಉಸೇನ್ ಬೋಲ್ಟ್ ಒಂದು ಷೂವಿನ ಲಾಡಿ ಬಿಚ್ಚಿಹೋಗಿದ್ದರೂ, ಗೆರೆ ಮುಟ್ಟುವ ಮೊದಲೇ ತೋಳು ಚಾಚಿ ಎದೆ ತಟ್ಟಿಕೊಂಡರೂ, ನೂರು ಮೀಟರನ್ನು 9.69 ಸೆಕೆಂಡುಗಳಲ್ಲಿ ಮುಗಿಸಿದನು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಂದಿನ ಅಧ್ಯಕ್ಷ ಜಾಕ್ ರೋಗ್ ಆ ನಡತೆಯನ್ನು ಆಕ್ಷೇಪಿಸಿದರು. ನನಗೆ ಅದು ಕಾರಹುಣ್ಣಿಮೆಯ ಸೊಕ್ಕಾಗಿಯೇ ಕಂಡಿತು. ಅವನು ಯಾರನ್ನೂ ಹಾಯಲಿಲ್ಲ.

ಇಂಥಲ್ಲಿ ನಮ್ಮವರು ಥಟ್ಟನೆ “ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ” ಎಂಬ ಗಾದೆಯನ್ನು ಪ್ರಯೋಗಿಸುವರು. ಈ ಗಾದೆಯನ್ನು ನಿಧಾನಿಸಿ ನೋಡಬೇಕು. ಕೊಡೆಯು ಬಿಸಿಲು ಮಳೆಗಳಿಗೆ ಒದಗುವುದಷ್ಟೇ ಅಲ್ಲದೆ, ಅರಸನ ಶ್ವೇತಚ್ಛತ್ರವಾಗಿ, ದೇವರ ಉತ್ಸವದ ಸತ್ತಿಗೆಯಾಗಿ ಪದವಿಯ ಲಾಂಛನವೂ ಆಗಿದೆ. ಅರ್ಧರಾತ್ರಿಯಲ್ಲಿ ಬಿಸಿಲಿಲ್ಲ, ಕಂಡು ಕೈಮುಗಿಯಲು ಎಚ್ಚರವಿದ್ದವರೂ ಇಲ್ಲ. ಆದರೂ ಅವನು ಹಿಡಿಯುತ್ತಾನೆ, ಏಕೆಂದರೆ ಬಂದುದು ತನ್ನದೆಂಬ ನೆಚ್ಚಿಕೆ ಅವನಿಗೇ ಇಲ್ಲ. ಗಾದೆ ಕಟ್ಟಿದವರು “ಅಲ್ಪನಿಗೆ” ಎಂದು ಮೊದಲಿಗೇ ಇಟ್ಟುದರಿಂದ, ಐಶ್ವರ್ಯಕ್ಕೆ ಯೋಗ್ಯನಾದವನು ಹಿಗ್ಗಿದರೆ ಗಾದೆ ಅವನಿಗೆ ತಗಲುವುದಿಲ್ಲ. ಇನ್ನು ಟಿ.ವಿ. ಬಂದಮೇಲೆ ಅರ್ಧರಾತ್ರಿಗೂ ಪ್ರೇಕ್ಷಕರು ಒದಗಿದ್ದಾರೆ. 2022ರ ಡಿಸೆಂಬರ್ 18ರಂದು ಕತಾರಿನಲ್ಲಿ ವಿಶ್ವಕಪ್ ಗೆದ್ದ ಅರ್ಜೆಂಟೀನಾದ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್, ತನಗೆ ಸಂದ ಚಿನ್ನದ ಕೈಗವಸನ್ನು ವೇದಿಕೆಯಲ್ಲೇ ಅಸಭ್ಯವಾಗಿ ಹಿಡಿದು ನಿಂತಾಗ ಕೊಪ್ಪಳದಲ್ಲಿ ನಡುರಾತ್ರಿ ಸಮೀಪಿಸಿತ್ತು. ಆಟದಲ್ಲಿ ಅವನು ದೊಡ್ಡವನು; ಆ ಗಳಿಗೆಯಲ್ಲಿ ಹಿಡಿದುದು ಮಾತ್ರ ಕೊಡೆಯೇ.

ಸೊಕ್ಕಲು ಸಕಲ ಕಾರಣವಿದ್ದೂ ಸೊಕ್ಕದವರು ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥರು. 1980ರ ಫೆಬ್ರುವರಿಯಲ್ಲಿ ವಾಂಖೆಡೆಯಲ್ಲಿ ನಡೆದ ಕ್ರಿಕೆಟ್ ಮಂಡಳಿಯ ಸುವರ್ಣಮಹೋತ್ಸವ ಟೆಸ್ಟಿನಲ್ಲಿ ಅವರು ಭಾರತದ ನಾಯಕರು. 58 ರನ್ನಿಗೆ 5 ವಿಕೆಟ್ ಕಳೆದುಕೊಂಡ ಇಂಗ್ಲೆಂಡನ್ನು ಬೋಥಮ್ ಮತ್ತು ಬಾಬ್ ಟೇಲರ್ ಎತ್ತಿ ನಿಲ್ಲಿಸಲು ಹೆಣಗುತ್ತಿದ್ದಾಗ, ಅಂಪೈರ್ ಔಟೆಂದಿದ್ದ ಟೇಲರನನ್ನು, ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ವಿಶ್ವನಾಥರೇ ಮರಳಿ ಕರೆದರು. ಆ ಜೋಡಿ 171 ರನ್ ಸೇರಿಸಿತು. ಭಾರತ 10 ವಿಕೆಟ್‌ಗಳಿಂದ ಸೋತಿತು.

ತರುಣ ಮಿತ್ರರು ಟಿ.ವಿ.ಯ ಮುಂದೆ ಧಾರಾಳವಾಗಿ ತೀರ್ಪು ಕೊಡಲಿ. ಬೋಲ್ಟನನ್ನೂ ಮಾರ್ಟಿನೆಜನನ್ನೂ ವಿಶ್ವನಾಥರನ್ನೂ ಒಂದೇ ಆಟಿಟ್ಯೂಡಿನ ಗೂಟಕ್ಕೆ ಕಟ್ಟದಿರಲಿ ಎಂಬುದಷ್ಟೇ ನನ್ನ ವಿಜ್ಞಾಪನೆ.